ಗಿಟಾರಿಗೆ ಪದ ಕೊಟ್ಟ ಶಿಶುನಾಳದ ಮೇಷ್ಟ್ರು!

ಒಂದು ಪ್ರಶ್ನೆ ಕೇಳುತ್ತೇನೆ. ಮೊಬೈಲು ಜೇಬಿನಲ್ಲೇ ಇರಲಿ. ಹುಡುಕಬಾರದು!

ಮೈಸೂರಿನವರೊಬ್ಬರು. ಸೊಂಟಕ್ಕೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರು. ಜೊತೆಗೆ ಡ್ರಮ್ಸು, ಬೇಸ್ ಗಿಟಾರು, ಪಿಟೀಲು. 2008ರಲ್ಲಿ ಅವರ ಬ್ಯಾಂಡಿನ ಮೊದಲ ಆಲ್ಬಂ ಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ಮಧ್ಯೆ ಎರಡು ಕನ್ನಡ ಹಾಡು. ಎರಡನ್ನೂ ಬರೆದವರು ಒಬ್ಬರೇ.

ಯಾರು? ಹೇಳಿ ನೋಡೋಣ!

ಗಾಂಧಿನಗರದ ಸಿನಿಮಾ ಕವಿಯೇ? ಅಲ್ಲ. ಬೆಂಗಳೂರಿನ ಜಾಹೀರಾತು ಕಂಪನಿಯಲ್ಲಿ ಕೂತ ಚುರುಕು ಹುಡುಗನೇ? ಅಲ್ಲವೇ ಅಲ್ಲ!

ಸುಳಿವು ಬೇಕೆ? ತಗೊಳ್ಳಿ. ಅವರು ಕೆಲಕಾಲ ಶಾಲೆಯ ಮೇಷ್ಟ್ರಾಗಿದ್ದವರು. ಹೊನ್ನಾಳಿಗೆ ಮಗ್ಗುಲಲ್ಲೇ ಇರುವ ಹಾವೇರಿ ಜಿಲ್ಲೆಯವರು. ಸ್ಟುಡಿಯೋ ಮೆಟ್ಟಿಲು ಹತ್ತಿದವರಲ್ಲ. ಹತ್ತುವುದಾದರೂ ಹೇಗೆ? ಭಾರತದ ಮೊದಲ ಗ್ರಾಮಫೋನ್ ತಟ್ಟೆಗೆ ಧ್ವನಿ ಮುದ್ರಣವಾಗಿದ್ದು 1902ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಕವಿ ಮಣ್ಣು ಸೇರಿ ವರ್ಷಗಳೇ ಕಳೆದಿದ್ದವು!

ಗೊತ್ತಾಯಿತೆ?

ಸಂತ ಶಿಶುನಾಳ ಶರೀಫರು!

ಲುಂಗಿ ಉಟ್ಟವರು ರಘು ದೀಕ್ಷಿತ್. ಬ್ಯಾಂಡಿನ ಹೆಸರು ದಿ ರಘು ದೀಕ್ಷಿತ್ ಪ್ರಾಜೆಕ್ಟ್. ಸೋರುವ ಮಾಳಿಗೆಯ ಹಾಡು, ಗುಡುಗುಡಿ ಸೇದುವ ಹಾಡು, ಎರಡೂ ಶರೀಫರವು. ಕವಿ ತೀರಿಕೊಂಡದ್ದು 1889. ಆಲ್ಬಂ ಬಂದದ್ದು 2008. ಕಳೆದು ನೋಡಿ. 119 ವರ್ಷ! ಬ್ಯಾಂಡಿನ ಹಾಡುಗಾರನಿಗೂ ಹಾಡು ಬರೆದವರಿಗೂ ನಡುವೆ ನಾಲ್ಕೈದು ತಲೆಮಾರು!

ಚನ್ನಗಿರಿಯವರೇ, ಹೊನ್ನಾಳಿ, ನ್ಯಾಮತಿಯವರೇ, ಜಗಳೂರಿನವರೇ, ಇದನ್ನು ನಿಮಗೇ ಯಾಕೆ ಹೇಳುತ್ತಿದ್ದೇನೆ ಗೊತ್ತೆ? ರಾಕ್ ಬ್ಯಾಂಡು ಅಂದರೆ ಬೆಂಗಳೂರಿನ ಪಬ್ಬಿನ ಸರಕು ಅಂತ ನೀವು ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ ಬ್ಯಾಂಡಿನ ಅರ್ಧ ಜನ ನಿಮ್ಮೂರ ಭಜನೆ ಕಟ್ಟೆಯ ಮೇಲೆ ಕೂತಿದ್ದಾರೆ!

ತಡೀರಿ, ತಡೀರಿ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಲುಂಗಿಯ ಕಥೆ.

ರಘು ದೀಕ್ಷಿತ್ ಗಿಟಾರು ಹಿಡಿದೇ ಬೆಳೆದವರೆಂದು ನಿಮಗನ್ನಿಸಿರಬೇಕು. ಇಲ್ಲ! ಬೆಳೆದದ್ದು ಭರತನಾಟ್ಯದ ಗೆಜ್ಜೆ ಕಟ್ಟಿಕೊಂಡು. ಓದಿದ್ದು? ಊಹಿಸಿ. ಸಂಗೀತವೆ? ಸಾಹಿತ್ಯವೆ? ಸೂಕ್ಷ್ಮಜೀವಿ ವಿಜ್ಞಾನ! ಅದರಲ್ಲಿ ಚಿನ್ನದ ಪದಕ ಬೇರೆ!

ಗಿಟಾರು ಕೈಗೆ ಬಂದದ್ದು ಕಾಲೇಜಿನಲ್ಲಿ, ಅದೂ ಒಂದು ಛಲಕ್ಕೆ. ಭರತನಾಟ್ಯ ಹುಡುಗಿಯರದ್ದು ಅಂತ ಜೊತೆಯವನೊಬ್ಬ ಹಂಗಿಸಿದನಂತೆ. ಗಿಟಾರು ನುಡಿಸಿ ತೋರಿಸ್ತೀನಿ ಅಂತ ಇವರು ಪಣ ತೊಟ್ಟರಂತೆ. ತೋರಿಸಿಯೇಬಿಟ್ಟರು! ಗೆಜ್ಜೆಯನ್ನಂತೂ ಬಿಡಲಿಲ್ಲ. ಇವತ್ತಿಗೂ ವೇದಿಕೆ ಮೇಲೆ ಅವರ ಕಾಲಲ್ಲಿ ಗೆಜ್ಜೆ ಇರುತ್ತದೆ. ಹಂಗಿಸಿದವನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಉಂಟೆ?

1990ರ ದಶಕದ ಕೊನೆಗೆ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆ ಸೇರಿ 'ಅಂತರಾಗ್ನಿ' ಅನ್ನುವ ತಂಡ ಕಟ್ಟಿದರು. ಹೌದು, ಅದೇ ಭಾಸ್ಕರ್! ಇವತ್ತು ಕರ್ನಾಟಕ ಸಂಗೀತ ಕಛೇರಿಗಳಲ್ಲಿ ದೊಡ್ಡ ಹೆಸರು. ಆಮೇಲೆ ಬಂದದ್ದು 'ಪ್ರಾಜೆಕ್ಟ್'. ಇದರ ಲೆಕ್ಕಾಚಾರವೇ ಬೇರೆ. ಬಾಗಿಲು ತೆರೆದಿಟ್ಟ ಮನೆ ಇದು. ಯಾವ ಬಗೆಯ ಸಂಗೀತಗಾರರು ಬೇಕಾದರೂ ಬರಬಹುದು, ಕೂಡಿ ನುಡಿಸಬಹುದು, ಹೋಗಬಹುದು.

ಕ್ಯಾಸೆಟ್ ಕಂಪನಿಗಳ ಬಾಗಿಲು ಮಾತ್ರ ತೆರೆಯಲಿಲ್ಲ! ವರ್ಷಗಟ್ಟಲೆ ಅಲೆದಾಟ. ಮುಂಬೈಗೆ ಹೋಗಿ ಕಾದರು. ಪವಾಡ ಆಗಲಿ ಅಂತ ಮುಂಬೈಯಲ್ಲಿ ಕಾಯುತ್ತಿದ್ದೇನೆ ಅನ್ನುವುದನ್ನೇ ಒಂದು ಹಾಡು ಮಾಡಿ ಅದೇ ಆಲ್ಬಂಗೆ ಸೇರಿಸಿದರು. ಪವಾಡ ಕೊನೆಗೂ ಆಯಿತು. ಹಿಂದಿ ಚಿತ್ರರಂಗದ ವಿಶಾಲ್-ಶೇಖರ್ ಜೋಡಿ ಇವರನ್ನು ಕೇಳಿ ಮೆಚ್ಚಿತು, ತಮ್ಮದೇ ಲೇಬಲ್ಲಿನಲ್ಲಿ ಆಲ್ಬಂ ತಂದಿತು.

ಇಲ್ಲಿಂದ ಮುಂದೆ ಗಾಡಿ ಓಡುತ್ತದೆ. ಬಿಗಿಯಾಗಿ ಹಿಡಿದುಕೊಳ್ಳಿ!

2010. ಬಿಬಿಸಿ ಟೆಲಿವಿಷನ್ನಿನ 'ಲೇಟರ್... ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮಕ್ಕೆ ಕರೆ. ಬ್ರಿಟನ್ನಿನಲ್ಲಿ ಹೊಸ ಸಂಗೀತಗಾರರಿಗೆ ಇದಕ್ಕಿಂತ ದೊಡ್ಡ ಪಡಸಾಲೆ ಸಿಗುವುದು ಕಷ್ಟ. ಕಾರ್ಯಕ್ರಮ ಮುಗಿದದ್ದೇ ತಡ, ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವ ಸಂಗೀತ ಪಟ್ಟಿಯಲ್ಲಿ ಎಷ್ಟನೇ ಜಾಗಕ್ಕೆ ಏರಿತು ಹೇಳಿ?

ಹತ್ತು? ಐದು?

ಮೊದಲನೇ ಜಾಗಕ್ಕೆ! ಅದರೊಳಗೆ ನಮ್ಮ ಶಿಶುನಾಳದ ಸೋರುವ ಮಾಳಿಗೆಯೂ ಇತ್ತು ಅನ್ನುವುದನ್ನು ಮರೆಯಬೇಡಿ! ಹಾಡು ಖರೀದಿಸಿದ ಬ್ರಿಟಿಷರಲ್ಲಿ ಎಷ್ಟು ಜನಕ್ಕೆ ಶಿಗ್ಗಾವಿ ತಾಲ್ಲೂಕು ಗೊತ್ತಿತ್ತೋ ದೇವರೇ ಬಲ್ಲ.

2011. 'ಸಾಂಗ್‌ಲೈನ್ಸ್' ಪತ್ರಿಕೆಯಿಂದ ವರ್ಷದ ಹೊಸಬರ ಪ್ರಶಸ್ತಿ. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಹಸು ಮೇಯುವ ಹೊಲದಲ್ಲಿ ಲಕ್ಷ ಮೀರಿ ಜನ ಡೇರೆ ಹಾಕಿಕೊಂಡು ಹಾಡು ಕೇಳುವ ಜಾತ್ರೆ ಅದು. ಆ ವರ್ಷ ಅಲ್ಲಿನ ಮುಖ್ಯ ಕಲಾವಿದರು ಯಾರು ಗೊತ್ತೆ? ಯು2! ಕೋಲ್ಡ್‌ಪ್ಲೇ! ಬಿಯಾನ್ಸೆ! ಅದೇ ಜಾತ್ರೆಯಲ್ಲಿ ನಮ್ಮ ಲುಂಗಿ ಬ್ಯಾಂಡು!

2013ರಲ್ಲಿ ಎರಡನೇ ಆಲ್ಬಂ 'ಜಗ್ ಚಂಗಾ'. ಅದರಲ್ಲೂ ಮೇಷ್ಟ್ರು ಹಾಜರ್! 'ಲೋಕದ ಕಾಳಜಿ' ಅವರದ್ದೇ. ಕೋಳಿ ಹೋಗಿ ಕೋಡಗವನ್ನು ನುಂಗುವ ಆ ತಲೆಕೆಳಗಿನ ಹಾಡೂ ಅವರದ್ದೇ. ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ, ಒಪ್ಪದಿದ್ದರೆ ಬಿಡಿ. ಈ ಬ್ಯಾಂಡಿನ ಹಿಂದಿ ಹಾಡುಗಳು ಚೆನ್ನಾಗಿವೆ, ಕುಣಿಸುತ್ತವೆ. ಆದರೆ ಶರೀಫರ ಪದ ಬಂದ ಕೂಡಲೇ ರಘು ಅವರ ಗಂಟಲು ಇನ್ನೊಂದು ಮನೆಗೆ ಏರುತ್ತದೆ. ಗಟ್ಟಿ ಪದ ಸಿಕ್ಕಿದ ಗಾಯಕನ ಧೈರ್ಯವೇ ಬೇರೆ!

ಈಗ ಇನ್ನೊಂದು ಪ್ರಶ್ನೆ. ಇದಕ್ಕೆ ನೀವು ಬೆಚ್ಚಿಬೀಳಬೇಕು.

ಕರ್ನಾಟಕದಿಂದ ದೇಶಕ್ಕೆಲ್ಲ ಹೆಸರಾದ ಇನ್ನೊಂದು ಜಾನಪದ ರಾಕ್ ಬ್ಯಾಂಡು ಇದೆ. ಹೆಸರು 'ಸ್ವರಾತ್ಮ'. ಅದರ ಮುಖ್ಯ ಗಾಯಕ ವಾಸು ದೀಕ್ಷಿತ್. ಹೆಸರಿನ ಕೊನೆ ಕೇಳಿದಿರಾ?

ಹೌದು! ರಘು ಅವರ ಸ್ವಂತ ತಮ್ಮ!

ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು, ಎರಡು ಬೇರೆ ಬೇರೆ ಬ್ಯಾಂಡು, ಎರಡೂ ಹಿಡಿದದ್ದು ಜಾನಪದದ ದಾರಿ! ಇಷ್ಟಕ್ಕೇ ಮುಗಿಯಲಿಲ್ಲ. ವಾಸು ಅವರ ಪತ್ನಿ ಬಿಂದುಮಾಲಿನಿ. 'ನಾತಿಚರಾಮಿ' ಸಿನಿಮಾದ ಹಾಡಿಗೆ ಶ್ರೇಷ್ಠ ಗಾಯಕಿ ರಾಷ್ಟ್ರಪ್ರಶಸ್ತಿ ಪಡೆದ ಬಿಂದುಮಾಲಿನಿ! ಆ ಮನೆಯಲ್ಲಿ ಕುಕ್ಕರು ಕೂಗಿದರೂ ಶ್ರುತಿಯಲ್ಲೇ ಕೂಗುತ್ತಿರಬೇಕು!

ಸ್ವರಾತ್ಮ ಶುರುವಾದದ್ದು 2002ರಲ್ಲಿ. ಮೊದಲ ಆಲ್ಬಂ ಬಂದದ್ದು? 2009! ಏಳು ವರ್ಷ! ನಡುವೆ 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆಯೊಂದರಲ್ಲಿ ಗೆದ್ದದ್ದು ದೊಡ್ಡ ತಿರುವು. ಸಂಜೀವ್ ನಾಯಕ್ ಪಿಟೀಲು, ಜಿಷ್ಣು ದಾಸ್‌ಗುಪ್ತಾ ಬೇಸ್, ವರುಣ್ ಮುರಳಿ ಗಿಟಾರು, ಮಾಂಟ್ರಿ ಮ್ಯಾನುಯೆಲ್ ಡ್ರಮ್ಸು, ಪವನ್ ಕುಮಾರ್ ತಾಳವಾದ್ಯ. ಹೆಸರುಗಳನ್ನು ಮತ್ತೊಮ್ಮೆ ಓದಿ. ಎಷ್ಟು ಊರು, ಎಷ್ಟು ಭಾಷೆಯ ಮನೆಗಳು ಇದರೊಳಗಿವೆ ನೋಡಿ!

ವೇದಿಕೆ ಮೇಲೆ ವಾಸು ಹೇಗೆ ಬರುತ್ತಾರೆ ಗೊತ್ತೆ? ಕುದುರೆ ಮೇಲೆ! ನಿಜವಾದ ಕುದುರೆಯಲ್ಲ. ಸೊಂಟಕ್ಕೆ ಕಟ್ಟಿಕೊಂಡ ಬಣ್ಣದ ಗೊಂಬೆ ಕುದುರೆ. ನಮ್ಮ ಜಾತ್ರೆಗಳ ಕೀಲುಕುದುರೆ! ಡ್ರಮ್ಸಿನ ಏಟಿಗೆ ಕುದುರೆ ಕುಣಿಯುತ್ತದೆ. ಎದುರಿಗೆ ಜೀನ್ಸ್ ತೊಟ್ಟ ಸಾವಿರಾರು ಹುಡುಗ ಹುಡುಗಿಯರೂ ಕುಣಿಯುತ್ತಾರೆ. ತೇರಿನ ಮುಂದೆ ಕುಣಿಯುತ್ತಿದ್ದ ಕುದುರೆಗೆ ಈಗ ಆಂಪ್ಲಿಫೈಯರ್ ಸಿಕ್ಕಿತು!

ಇಲ್ಲಿ ಒಂದು ಹೆಸರು ಹೇಳುತ್ತೇನೆ. ಜಾನ್ ಲೆಕಿ. ಯಾರಪ್ಪ ಇವರು ಅಂತೀರಾ? 1970ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋಕ್ಕೆ ಕೆಲಸಕ್ಕೆ ಸೇರಿದ ಹುಡುಗ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ತಮ್ಮ ದೊಡ್ಡ ಆಲ್ಬಂ ಮಾಡುವಾಗ ಟೇಪು ಓಡಿಸಿದವರಲ್ಲಿ ಒಬ್ಬರು. ಮುಂದೆ 1995ರಲ್ಲಿ ರೇಡಿಯೋಹೆಡ್ ಬ್ಯಾಂಡಿನ 'ದಿ ಬೆಂಡ್ಸ್' ರೂಪಿಸಿದವರು. ಅಂಥವರು ಬ್ರಿಟಿಷ್ ಕೌನ್ಸಿಲ್ಲಿನ 'ಸೌಂಡ್‌ಪ್ಯಾಡ್' ಯೋಜನೆಯಲ್ಲಿ ಭಾರತಕ್ಕೆ ಬಂದು ನಾಲ್ಕು ಬ್ಯಾಂಡುಗಳ ಜೊತೆ ಕೂತು ಧ್ವನಿಮುದ್ರಣ ಮಾಡಿದರು. ದೇಶದಲ್ಲಿರುವ ಬ್ಯಾಂಡುಗಳಲ್ಲಿ ಬರೀ ನಾಲ್ಕು! ಆ ನಾಲ್ಕರಲ್ಲಿ ಒಂದು, ನಮ್ಮ ಸ್ವರಾತ್ಮ!

ಹ್ಯಾರಿಸನ್‌ಗೆ ಟೇಪು ಓಡಿಸಿದ ಕೈಯೇ ಕೀಲುಕುದುರೆ ಬ್ಯಾಂಡಿಗೂ ಗುಂಡಿ ಒತ್ತಿತು. ಮೈ ಜುಮ್ ಅನ್ನಲಿಲ್ಲವೆ?

ಆಮೇಲೆ 2012ರಲ್ಲಿ 'ಟೋಪಿವಾಲೆ', ನಿರ್ಮಾಪಕರು ಶಂಕರ್-ಎಹಸಾನ್-ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ. 2018ರಲ್ಲಿ 'ರಾಹ್-ಎ-ಫಕೀರಾ'. ಇವೆಲ್ಲ ನೀವೇ ಕೇಳಬಹುದು. ನಾನು ನಿಲ್ಲುವುದು ಮೊದಲ ಆಲ್ಬಂನ ಒಂದು ಹಾಡಿನ ಹತ್ತಿರ. 'ಪ್ಯಾಸಿ'.

ಕಾವೇರಿ ಜಗಳದ ಮೇಲೆ ಎಷ್ಟು ಭಾಷಣ ಕೇಳಿದ್ದೀರಿ? ಎಷ್ಟು ಬಂದ್ ನೋಡಿದ್ದೀರಿ? ಎಲ್ಲರೂ ಮಾತಾಡಿದರು. ಒಬ್ಬಳು ಮಾತ್ರ ಮಾತಾಡಲಿಲ್ಲ. ಕಾವೇರಿ! ಈ ಹಾಡಿನಲ್ಲಿ ಮಾತಾಡುವುದು ಅವಳೇ. ಎರಡು ರಾಜ್ಯಗಳ ನಡುವೆ ಸಿಕ್ಕಿಬಿದ್ದ ಹೊಳೆಗೇ ಬಾಯಾರಿಕೆ!

ಚನ್ನಗಿರಿಯವರಿಗೆ ಇದು ಹೊಸದಲ್ಲ ಬಿಡಿ. ಸೂಳೆಕೆರೆ ಏರಿಯ ಮೇಲೆ ನಿಂತವರು ಶಾಂತವ್ವನ ಹೆಸರೆತ್ತದೆ ಹಿಂದಿರುಗುತ್ತಾರೆಯೆ? ಅಷ್ಟು ದೊಡ್ಡ ಕೆರೆ ಕಟ್ಟಿಸಿದವಳು ಒಬ್ಬ ಹೆಣ್ಣುಮಗಳು ಅನ್ನುವ ಕಥೆಯನ್ನು ನೂರಾರು ವರ್ಷದಿಂದ ಹೇಳಿಕೊಂಡು ಬಂದ ಸೀಮೆ ಅದು. ನೀರಿಗೊಂದು ಹೆಣ್ಣಿನ ದನಿ ಇದೆ ಅನ್ನುವುದನ್ನು ಅವರಿಗೆ ರಾಕ್ ಬ್ಯಾಂಡು ಬಂದು ಕಲಿಸಬೇಕಿಲ್ಲ!

ಸರಿ, ಈಗ ನಿಜವಾದ ಗುಟ್ಟಿಗೆ ಬರೋಣ. ಇಷ್ಟು ಹೊತ್ತು ಬಚ್ಚಿಟ್ಟಿದ್ದೆ.

ಶರೀಫರ ಪದವನ್ನು ರಘು ಹಾಡಿದರು ಅಂದೆ. ಹಾಗಾದರೆ ಆ ಹಾಡು ಯಾರದ್ದು?

ಶರೀಫರದ್ದು ಅಂತೀರಿ. ಹಾಡಿನ ಕೊನೆಗೆ ಹೋಗಿ ನೋಡಿ. ಶರೀಫ ಅನ್ನುವ ಹೆಸರು ಸಿಗುತ್ತದೆಯೆ? ಸಿಗುವುದು ಶಿಶುನಾಳಧೀಶನ ಅಂಕಿತ! ಊರ ದೇವರ ಹೆಸರು! ಬರೆದವರು ಒಬ್ಬರು, ರುಜು ಹಾಕಿದ್ದು ದೇವರಿಗೆ! ಇವತ್ತಿನ ಹಾಡುಗಳಲ್ಲಿ ಯಾರ ಹೆಸರು ಮೊದಲು ಬರಬೇಕು ಅಂತ ಕೋರ್ಟು ಮೆಟ್ಟಿಲು ಹತ್ತುವವರು ಇದನ್ನು ಸ್ವಲ್ಪ ನೋಡಲಿ.

ಆ ದೇವರಾದರೂ ಯಾರು? ಊರಿನ ಬಸವಣ್ಣ. ಹಾಡಿದವರು? ಮುಸ್ಲಿಂ ಮನೆಯಲ್ಲಿ ಹುಟ್ಟಿದವರು. ಅವರಿಗೆ ಗುರು? ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು! ಈ ಕಾಲದ ಯಾವ ಬ್ಯಾಂಡಿನಲ್ಲಿ ಇಂಥ ಜೊತೆಗಾರಿಕೆ ಇದೆ, ತೋರಿಸಿ!

ಇನ್ನೂ ಇದೆ. ಶರೀಫರು ಪುಸ್ತಕ ಅಚ್ಚು ಹಾಕಿಸಿ ಹಂಚಿದವರಲ್ಲ. ಹಾಡಿದರು, ಹೋದರು. ಉಳಿಸಿದವರು ಯಾರು? ಭಜನೆಯವರು! ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ಹಿಡಿದು ರಾತ್ರಿಯೆಲ್ಲ ಕೂತು ಹಾಡಿದ ಹೆಸರಿಲ್ಲದ ಜನ. ಒಂದು ಊರಿನಲ್ಲಿ ಒಂದು ಧಾಟಿ, ಪಕ್ಕದೂರಿನಲ್ಲಿ ಇನ್ನೊಂದು. ಒಬ್ಬ ಒಂದು ನುಡಿ ಮರೆತ, ಇನ್ನೊಬ್ಬ ನೆನಪಿಸಿದ. ಮತ್ತೊಬ್ಬ ತನ್ನದೇ ಒಂದು ಎಳೆತ ಸೇರಿಸಿದ. ಹಾಡು ಬೆಳೆಯಿತು!

ಕೂಡಿ ಹಾಡು ಕಟ್ಟುವ ಸ್ವತಂತ್ರ ಬ್ಯಾಂಡು ಅಂದರೆ ಇನ್ನೇನು? ಕಂಪನಿ ಇಲ್ಲ. ಮ್ಯಾನೇಜರ್ ಇಲ್ಲ. ಟಿಕೆಟ್ಟಿಲ್ಲ. ನಡುರಾತ್ರಿಗೆ ಚಹಾ, ಮಂಡಕ್ಕಿ ಬಂದರೆ ಅದೇ ಸಂಭಾವನೆ!

ಅಲ್ಲಿಂದ ಹಾಡು ಕ್ಯಾಸೆಟ್ಟಿಗೆ ಹಾರಿತು. ಹಾರಿಸಿದವರು ಸಿ. ಅಶ್ವತ್ಥ್. ಅವರ ಹೊಟ್ಟೆಪಾಡಿನ ಕೆಲಸ ಏನಿತ್ತು, ಊಹಿಸಿ. ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿ! ಫೋನು ತಯಾರಾಗುವ ಕಡೆ ದುಡಿಯುತ್ತಲೇ ಶರೀಫರನ್ನು ಇಡೀ ಕರ್ನಾಟಕದ ಕಿವಿಗೆ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ 'ಸಂತ ಶಿಶುನಾಳ ಶರೀಫ' ಸಿನಿಮಾ ತೆಗೆದರು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಂಗೀತ ಅಶ್ವತ್ಥರದ್ದೇ. ಆಮೇಲೆ ಕೇಳಬೇಕೆ! ಮನೆ ಮನೆಯಲ್ಲೂ ಮಾಳಿಗೆ ಸೋರಿತು!

ಅಶ್ವತ್ಥರ ಜೊತೆ ಶರೀಫರನ್ನು ಹಾಡಿ ಹಬ್ಬಿಸಿದ ಇನ್ನೊಂದು ಗಂಟಲು ಶಿವಮೊಗ್ಗ ಸುಬ್ಬಣ್ಣ. ಕನ್ನಡ ಸಿನಿಮಾ ಹಾಡಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದವರು! ಯಾವ ಸಿನಿಮಾ? 'ಕಾಡು ಕುದುರೆ'. ಬರೆದವರು ಚಂದ್ರಶೇಖರ ಕಂಬಾರ. ಅಲ್ಲೂ ಕುದುರೆ, ವಾಸು ಸೊಂಟದಲ್ಲೂ ಕುದುರೆ! ಕನ್ನಡ ಜಾನಪದ ಎಲ್ಲಿ ಹೋದರೂ ಕುದುರೆ ಮೇಲೇ ಹೋಗುತ್ತದೋ ಏನೋ!

ಹೊನ್ನಾಳಿ, ಚನ್ನಗಿರಿಯ ಹಿರಿಯರೇ, ಸುಬ್ಬಣ್ಣನವರಿಗೆ ಆ ಪ್ರಶಸ್ತಿ ಬಂದಾಗ ನೀವು ಯಾವ ಜಿಲ್ಲೆಯವರು? ಶಿವಮೊಗ್ಗದವರು! ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ಕ್ಕೆ. ನ್ಯಾಮತಿಯವರು ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದರು. ಜಗಳೂರಿನವರು ಚಿತ್ರದುರ್ಗದವರು. ಹಾಗಾಗಿ ಆ ರಾಷ್ಟ್ರಪ್ರಶಸ್ತಿಯಲ್ಲಿ ನಾಲ್ಕರಲ್ಲಿ ಮೂವರು ಪಾಲು ಕೇಳಬಹುದು. ಧೈರ್ಯವಾಗಿ ಕೇಳಿ!

ಇಲ್ಲೊಂದು ಚಮತ್ಕಾರ. ಉಸಿರು ಬಿಗಿಹಿಡಿದು ಓದಿ.

ಅಶ್ವತ್ಥರು ಹುಟ್ಟಿದ್ದು 1939ರ ಡಿಸೆಂಬರ್ 29. ತೀರಿಕೊಂಡದ್ದು? 2009ರ ಡಿಸೆಂಬರ್ 29. ಹುಟ್ಟಿದ ದಿನವೇ! ಸರಿಯಾಗಿ 70!

ಶರೀಫರು ಹುಟ್ಟಿದ್ದು 1819ರ ಜುಲೈ 3. ಭಕ್ತರು ಹೇಳಿಕೊಂಡು ಬಂದ ಲೆಕ್ಕದಲ್ಲಿ ಅವರು ದೇಹ ಬಿಟ್ಟದ್ದು 1889ರ ಜುಲೈ 3. ಅವರೂ ಹುಟ್ಟಿದ ದಿನವೇ! ಅವರಿಗೂ ಸರಿಯಾಗಿ 70!

ಪದ ಕಟ್ಟಿದವರಿಗೂ 70. ಆ ಪದಕ್ಕೆ ಹೊಸ ಧಾಟಿ ಕೊಟ್ಟವರಿಗೂ 70. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ! ನನಗೆ ಜ್ಯೋತಿಷ್ಯದಲ್ಲಿ ನಂಬಿಕೆಯಿಲ್ಲ. ಆದರೂ ಈ ಲೆಕ್ಕ ಹಾಕುವಾಗ ಪೆನ್ನು ಒಂದು ಕ್ಷಣ ನಿಂತಿತು, ಸುಳ್ಳು ಯಾಕೆ ಹೇಳಲಿ.

ಸ್ವಲ್ಪ ಕಡಲಾಚೆಗೆ ಹೋಗಿಬರೋಣ ಬನ್ನಿ. ಬೇಗ ಬಂದುಬಿಡೋಣ.

1965ರ ಜುಲೈ. ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವ. ಬಾಬ್ ಡಿಲನ್ ಕರೆಂಟಿನ ಗಿಟಾರು ಹಿಡಿದು ವೇದಿಕೆ ಹತ್ತಿದರು. ಜನಪದದವರು ಹೌಹಾರಿದರು. ಕೂಗಾಟ! 1969ರಲ್ಲಿ ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ಬ್ಯಾಂಡು ಹಳೆಯ ಲಾವಣಿಗಳಿಗೆ ಡ್ರಮ್ಸು ಕೂಡಿಸಿ 'ಲೀಜ್ ಅಂಡ್ ಲೀಫ್' ಆಲ್ಬಂ ತಂದಿತು. ಆ ಹಳೆಯ ಹಾಡುಗಳನ್ನು ಅವರು ಹುಡುಕಿದ್ದು ಎಲ್ಲಿ?

ಹಳ್ಳಿಯಲ್ಲಲ್ಲ. ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್ ಅನ್ನುವ ಜಾನಪದ ಗ್ರಂಥಾಲಯದಲ್ಲಿ!

ಯೋಚನೆ ಮಾಡಿ. ತಮ್ಮ ಮುತ್ತಜ್ಜಿಯರ ಹಾಡು ಕೇಳಲು ಅವರು ಲೈಬ್ರರಿಗೆ ಹೋಗಬೇಕಾಯಿತು. ನಾವು? ಮೂರನೇ ಮನೆಯ ಅಜ್ಜಿಯ ಹತ್ತಿರ ಹೋದರೆ ಸಾಕು!

ಉತ್ಪ್ರೇಕ್ಷೆ ಅನ್ನಿಸಿತೆ? ಜಗಳೂರಿಗೆ ಬನ್ನಿ. ಮಳೆ ಕಡಿಮೆಯ ಸೀಮೆ. ಅಲ್ಲಿಂದ ಚಳ್ಳಕೆರೆ ಕಡೆಗೆ ಹೊರಳಿದರೆ ಯಲಗಟ್ಟೆಯ ಗೊಲ್ಲರಹಟ್ಟಿ. ಅಲ್ಲಿದ್ದರು ಸಿರಿಯಜ್ಜಿ. ಓದು ಬರಹ ಬಾರದ ಹೆಣ್ಣುಮಗಳು. ಆಕೆಯ ನೆನಪಿನಲ್ಲಿದ್ದ ಹಾಡುಗಳೆಷ್ಟು ಹೇಳಿ.

ನೂರು? ತೀರಾ ಕಡಿಮೆಯಾಯಿತು! ಐನೂರು? ಇನ್ನೂ ಮೇಲೆ ಹೋಗಿ!

ಸಾವಿರಗಳು! ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗೆ ಹೋಗಿ ಕೂತು ಬರೆದುಕೊಂಡರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಆಕೆಯನ್ನು ಕರೆದು ನಾಡೋಜ ಪದವಿ ಕೊಟ್ಟು ಗೌರವಿಸಿತು. ಅಕ್ಷರ ಬಾರದ ಅಜ್ಜಿಗೆ ವಿಶ್ವವಿದ್ಯಾಲಯ ತಲೆಬಾಗಿತು! ಒಂದು ಆಲ್ಬಂಗೆ ಎಂಟು ಹತ್ತು ಹಾಡು ಅಂತ ಹಿಡಿಯಿರಿ. ಸಿರಿಯ ಸಂಪತ್ತಿನಲ್ಲಿ ಎಷ್ಟು ಆಲ್ಬಂ ಆಗುತ್ತಿತ್ತು? ಲೆಕ್ಕ ನಿಮಗೇ ಬಿಟ್ಟೆ.

ಕಾಡುಗೊಲ್ಲರ ಗಣೆ ಕೇಳಿದ್ದೀರಾ? ಉದ್ದನೆಯ ಬಿದಿರಿನ ಕೊಳಲು. ಊದಿದರೆ ಕೊಳಲಿನ ಸಿಹಿ ಬರುವುದಿಲ್ಲ, ಗಾಳಿಯೇ ಮಾತಾಡಿದ ಹಾಗಿರುತ್ತದೆ. ಯಾವ ಬ್ಯಾಂಡಿನವರಾದರೂ ಇದನ್ನು ಮೈಕಿನ ಮುಂದೆ ಹಿಡಿದು, ಹಿಂದೆ ಬೇಸ್ ಗಿಟಾರು ಬಿಟ್ಟರೆ? ಅಯ್ಯೋ, ಯಾರಾದರೂ ಮಾಡ್ರಪ್ಪ!

ಈಗ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಬಂಜಾರರ ಸಂತ ಸೇವಾಲಾಲರು ಹುಟ್ಟಿದ ಊರು. 1739ರ ಫೆಬ್ರುವರಿ 15 ಅವರ ಜನ್ಮದಿನವೆಂದು ಜಯಂತಿ ನಡೆಯುತ್ತದೆ. ಫೆಬ್ರುವರಿಯಲ್ಲಿ ಜನಸಾಗರ, ಮಾಲೆ ಹಾಕಿದ ಭಕ್ತರು. ಕರ್ನಾಟಕದವರಷ್ಟೇ ಅಲ್ಲ, ಹೊರರಾಜ್ಯದ ತಾಂಡಾಗಳಿಂದಲೂ!

ಲಂಬಾಣಿ ಹೆಣ್ಣುಮಕ್ಕಳು ಹಾಡುವುದನ್ನು ಗಮನಿಸಿ ನೋಡಿ. ಸುತ್ತುಗಟ್ಟಿ ನಿಲ್ಲುತ್ತಾರೆ. ಒಬ್ಬಳು ಎತ್ತುತ್ತಾಳೆ. ಉಳಿದವರು ಹಿಡಿಯುತ್ತಾರೆ. ಕನ್ನಡಿ ಚೂರಿನ ದಿರಿಸು, ಕೈತುಂಬ ಬಳೆ, ಕಾಲ್ಗಡಗ. ಬಳೆ ಬಡಿದದ್ದೇ ತಾಳ! ಇದರಲ್ಲಿ ಹಾಡು ಬರೆದವಳು ಯಾರು? ಎಲ್ಲರೂ! ಬೆಂಗಳೂರಿನ ಹುಡುಗರು ಲ್ಯಾಪ್‌ಟಾಪ್ ಮುಂದೆ ಕೂತು ಕೂಡಿ ಹಾಡು ಕಟ್ಟುವ ಕಾರ್ಯಾಗಾರ ನಡೆಸುತ್ತಾರಲ್ಲ, ಅದಕ್ಕೆ ಶುಲ್ಕ ಕೊಡುವ ಮೊದಲು ಒಮ್ಮೆ ತಾಂಡಾಕ್ಕೆ ಹೋಗಿಬರಲಿ.

ಹೊನ್ನಾಳಿ, ಚನ್ನಗಿರಿಯ ಕಡೆಯ ತಾಳವಾದ್ಯಗಳನ್ನಂತೂ ಕೇಳಲೇಬೇಡಿ. ಡೊಳ್ಳು! ಸಮಾಳ! ವೀರಗಾಸೆಯ ಕರಡೆ! ಹತ್ತು ಡೊಳ್ಳು ಒಟ್ಟಿಗೆ ಬಿದ್ದಾಗ ಎದೆಗೂಡು ಅದುರುತ್ತದಲ್ಲ, ಅದನ್ನು ಹುಟ್ಟಿಸಲು ರಾಕ್ ಬ್ಯಾಂಡಿನವರು ಆಳೆತ್ತರದ ಸ್ಪೀಕರು ತರಬೇಕು. ನಿಮ್ಮೂರ ಹುಡುಗರು ಕರೆಂಟಿಲ್ಲದೇ ಮಾಡುತ್ತಾರೆ!

ಅಣ್ಣತಮ್ಮಂದಿರ ಬ್ಯಾಂಡುಗಳ ಹೆಚ್ಚುಗಾರಿಕೆ ಏನು ಹಾಗಾದರೆ? ಗಿಟಾರು ತಂದದ್ದಲ್ಲ. ಗಿಟಾರು ಯಾರು ಬೇಕಾದರೂ ತರುತ್ತಾರೆ. ಭಜನೆ ಕಟ್ಟೆಯಲ್ಲಿ ತಮಗೂ ಒಂದು ಜಾಗ ಕೇಳಿ ಕೂತರಲ್ಲ, ಅದು! ವಾಸು ಅವರಂತೂ ಸ್ವರಾತ್ಮದ ಜೊತೆಗೇ 'ವಾಸು ದೀಕ್ಷಿತ್ ಕಲೆಕ್ಟಿವ್' ಅನ್ನುವ ಇನ್ನೊಂದು ತಂಡ ಕಟ್ಟಿ ದಾಸರ ಪದ, ತತ್ವಪದಗಳನ್ನು ಹೊಸ ಧಾಟಿಯಲ್ಲಿ ಹಾಡುತ್ತಿದ್ದಾರೆ. ಪುರಂದರದಾಸರ ಪಕ್ಕ ಡ್ರಮ್ಸು! ಮಡಿವಂತರು ಮೂಗು ಮುರಿಯಲಿ. ಕಾಲ್ನಡಿಗೆಯಲ್ಲಿ ಊರೂರು ತಿರುಗಿ ಬೀದಿಯಲ್ಲಿ ನಿಂತು ಹಾಡಿದ ದಾಸರು ಮೂಗು ಮುರಿಯುತ್ತಿದ್ದರು ಅಂತ ನನಗಂತೂ ಅನ್ನಿಸುವುದಿಲ್ಲ.

ಈಗ ನಿಮಗೊಂದು ಪಂದ್ಯ. ಸೋರುವ ಮಾಳಿಗೆಯ ಹಾಡನ್ನು ಮೊಬೈಲಿನಲ್ಲಿ ತೆಗೆಯಿರಿ. ಹೌದು, ಈಗ ಜೇಬಿನಿಂದ ತೆಗೆಯಬಹುದು! ಮೊದಲು ಅಶ್ವತ್ಥರದ್ದು. ಆಮೇಲೆ ರಘು ದೀಕ್ಷಿತರದ್ದು. ಎರಡನ್ನೂ ಹಿಂದೆ ಹಿಂದೆಯೇ ಕೇಳಿ. ಒಂದರಲ್ಲಿ ಆರ್ತ ದನಿ, ಇನ್ನೊಂದರಲ್ಲಿ ಕುಣಿತ. ಪದ ಅದೇ! ಮನೆ ಬೇರೆ!

ಆಮೇಲೆ ಮೊಬೈಲು ಹಿಡಿದು ನಿಮ್ಮೂರ ಭಜನೆ ಮ್ಯಾಳದ ಹಿರಿಯರ ಹತ್ತಿರ ಹೋಗಿ. ಎರಡನ್ನೂ ಕೇಳಿಸಿ. "ಅಜ್ಜಾ, ಇದರಲ್ಲಿ ಯಾವುದು ಸರಿ?" ಅಂತ ಕೇಳಿ.

ಅವರು ಬೀಡಿ ಆರಿಸಿ, ದಮ್ಮಡಿ ಎಳೆದುಕೊಂಡು, "ಎರಡೂ ಅಲ್ಲಪ್ಪ, ಕೇಳಿಲ್ಲಿ" ಅಂತ ಮೂರನೇ ಧಾಟಿ ಎತ್ತದಿದ್ದರೆ ನನ್ನ ಕಡೆಯಿಂದ ನಿಮಗೊಂದು ಬೆಣ್ಣೆ ದೋಸೆ, ದಾವಣಗೆರೆಯಲ್ಲಿ!